ಚಿಕ್ಕ ಗುತ್ತಿಗೆ, ದೊಡ್ಡ ಗುತ್ತಿಗೆ: ಕಾಮಗಾರಿ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ?

ಕರ್ನಾಟಕದ ಕಾಮಗಾರಿಗಳ ಬಗ್ಗೆ 2025ರಲ್ಲಿ ಬಂದ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗಿದ್ದರೆ ಅದು ಸಹಜ. ಮೊದಲನೆಯದು ರಾಜ್ಯ ಗುತ್ತಿಗೆದಾರರ ಸಂಘದ ದೂರು. ವಿವಿಧ ಇಲಾಖೆಗಳು ಸುಮಾರು 32 ಸಾವಿರ ಕೋಟಿ ರೂಪಾಯಿಯಷ್ಟು ಬಿಲ್ ಬಾಕಿ ಉಳಿಸಿಕೊಂಡಿವೆ, ಸಣ್ಣ ಮತ್ತು ಮಧ್ಯಮ ಗುತ್ತಿಗೆದಾರರು ಸಾಲದಲ್ಲಿ ಮುಳುಗಿದ್ದಾರೆ ಎಂದು ಸಂಘ ಹೇಳಿತು. ಎರಡನೆಯದು ಬೆಂಗಳೂರು ಉಪನಗರ ರೈಲಿನದು. ದೇಶದ ಅತಿ ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಎಲ್ ಆ್ಯಂಡ್ ಟಿ, ತಾನು ಪಡೆದಿದ್ದ ಎರಡು ಕಾರಿಡಾರ್‌ಗಳ ಕಾಮಗಾರಿಯಿಂದ ಹಿಂದೆ ಸರಿಯಿತು. ಹಣವಿಲ್ಲದೆ ಚಿಕ್ಕವರು ಕೆಲಸ ನಿಲ್ಲಿಸಿದರು ಎಂದರೆ ಅರ್ಥವಾಗುತ್ತದೆ. ಹಣ, ಯಂತ್ರ, ಎಂಜಿನಿಯರುಗಳು ಎಲ್ಲವೂ ಇರುವ ಸಂಸ್ಥೆಯೂ ಏಕೆ ಕೆಲಸ ಬಿಟ್ಟು ಹೋಗುತ್ತದೆ?

ಈ ಪ್ರಶ್ನೆಗೆ ಸಾರ್ವಜನಿಕ ಚರ್ಚೆಯಲ್ಲಿ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಸಣ್ಣ ಗುತ್ತಿಗೆದಾರರಿಗೆ ಸಾಮರ್ಥ್ಯವಿಲ್ಲ, ಆದ್ದರಿಂದ ಕೆಲಸಗಳನ್ನು ಒಗ್ಗೂಡಿಸಿ ದೊಡ್ಡವರಿಗೆ ಕೊಡಬೇಕು ಎಂಬುದು ಒಂದು. ದೊಡ್ಡವರು ಲಾಭ ಹೊಡೆದುಕೊಂಡು ಕೆಲಸವನ್ನು ಕೆಳಗಿನವರಿಗೆ ದಾಟಿಸುತ್ತಾರೆ, ಆದ್ದರಿಂದ ಸ್ಥಳೀಯರಿಗೇ ಕೊಡಬೇಕು ಎಂಬುದು ಇನ್ನೊಂದು. ಎರಡೂ ಉತ್ತರಗಳು ಸಂಸ್ಥೆಯ ಗಾತ್ರವನ್ನೇ ಕಾರಣವೆಂದು ಹಿಡಿಯುತ್ತವೆ. ಆದರೆ ಕಾಮಗಾರಿ ನಿಂತ ಜಾಗಕ್ಕೆ ಹೋಗಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಚಿಕ್ಕ ಸಂಸ್ಥೆಯ ಕೆಲಸ ಹಣದ ಹರಿವು ಕಡಿದ ಕಡೆ ನಿಲ್ಲುತ್ತದೆ. ದೊಡ್ಡ ಸಂಸ್ಥೆಯ ಕೆಲಸ ಜಾಗ, ನಕ್ಷೆ ಮತ್ತು ಅನುಮತಿ ಕೈಗೆ ಬಾರದ ಕಡೆ ನಿಲ್ಲುತ್ತದೆ. ಎರಡರ ಕೀಲಿಕೈಯೂ ಬಹುಮಟ್ಟಿಗೆ ಕೆಲಸ ಮಾಡಿಸುವವರ ಬಳಿ, ಅಂದರೆ ಇಲಾಖೆಯ ಬಳಿ ಇರುತ್ತದೆ.

ಚಿಕ್ಕದು ಯಾವುದು, ದೊಡ್ಡದು ಯಾವುದು

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ವ್ಯಾಖ್ಯೆಯ ಪ್ರಕಾರ ವರ್ಷದ ವಹಿವಾಟು 10 ಕೋಟಿ ರೂಪಾಯಿ ಮೀರದ ಉದ್ಯಮ ಅತಿ ಸಣ್ಣದು, 100 ಕೋಟಿ ಮೀರದ್ದು ಸಣ್ಣದು, 500 ಕೋಟಿ ಮೀರದ್ದು ಮಧ್ಯಮ. ಯಂತ್ರೋಪಕರಣಗಳ ಮೇಲಿನ ಹೂಡಿಕೆಗೂ ಪ್ರತ್ಯೇಕ ಮಿತಿಗಳಿವೆ. ತಾಲ್ಲೂಕು ಮಟ್ಟದಲ್ಲಿ ಚರಂಡಿ, ಸಿಸಿ ರಸ್ತೆ, ಶಾಲಾ ಕೊಠಡಿ, ಸಮುದಾಯ ಭವನ ಕಟ್ಟುವ ಗುತ್ತಿಗೆದಾರರಲ್ಲಿ ಹೆಚ್ಚಿನವರು ಮೊದಲ ವರ್ಗದಲ್ಲೇ ಬರುತ್ತಾರೆ. ಅವರಲ್ಲಿ ಅನೇಕರಿಗೆ ಕಚೇರಿ ಎಂದರೆ ಮನೆಯ ಮುಂದಿನ ಒಂದು ಕೋಣೆ, ಕಾಯಂ ಸಿಬ್ಬಂದಿ ಎಂದರೆ ಒಬ್ಬ ಸೈಟ್ ಮೇಲ್ವಿಚಾರಕ ಮತ್ತು ಲೆಕ್ಕ ಬರೆಯುವವರು.

ಕಾಮಗಾರಿಯ ಸಾಧನೆಯನ್ನು ಅಳೆಯುವ ಮಾನದಂಡಗಳು ಮಾತ್ರ ಇಬ್ಬರಿಗೂ ಒಂದೇ: ಹೇಳಿದ ಅವಧಿ, ಒಪ್ಪಿದ ವೆಚ್ಚ, ಗುಣಮಟ್ಟ, ಕಾರ್ಮಿಕರ ಸುರಕ್ಷತೆ. ವಿಳಂಬದ ಕಾರಣಗಳ ಬಗ್ಗೆ ಮಲೇಷ್ಯಾದಿಂದ 2007ರಲ್ಲಿ ಪ್ರಕಟವಾದ, ಆಮೇಲೆ ಜಗತ್ತಿನಾದ್ಯಂತ ಉಲ್ಲೇಖಗೊಂಡ ಒಂದು ಅಧ್ಯಯನ ಗುತ್ತಿಗೆದಾರರ ಯೋಜನೆಯ ಕೊರತೆ, ಸೈಟ್ ನಿರ್ವಹಣೆಯ ದೌರ್ಬಲ್ಯ, ಅನುಭವದ ಕೊರತೆ ಹಾಗೂ ಕೆಲಸ ಮಾಡಿಸುವವರಿಂದ ಹಣ ಸಕಾಲಕ್ಕೆ ಬಾರದಿರುವುದನ್ನು ಮೇಲಿನ ಸಾಲಿನಲ್ಲಿ ಇಟ್ಟಿತು. ಭಾರತದ ಕಾಮಗಾರಿಗಳ ಕುರಿತ 2012ರ ಇನ್ನೊಂದು ಅಧ್ಯಯನಕ್ಕೆ ಬದ್ಧತೆಯ ಕೊರತೆ, ಸೈಟ್ ನಿರ್ವಹಣೆ ಮತ್ತು ಸಮನ್ವಯ ಮುಖ್ಯವಾಗಿ ಕಂಡವು. ಇಂಥ ಪಟ್ಟಿಗಳು ಉಪಯುಕ್ತವೇ. ಆದರೆ ಅವು ಎಲ್ಲ ಕಾರಣಗಳನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತವೆ. ಒಂದು ಕಾರಣ ಇನ್ನೊಂದನ್ನು ಹೇಗೆ ಹುಟ್ಟಿಸುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಣ ತಡವಾದದ್ದರಿಂದಲೇ ಸೈಟ್ ನಿರ್ವಹಣೆ ಕೆಟ್ಟಿರಬಹುದು. ನಕ್ಷೆ ತಡವಾದದ್ದರಿಂದಲೇ ಯೋಜನೆ ಹಳಿ ತಪ್ಪಿರಬಹುದು. ಆ ಸರಪಳಿಯನ್ನು ಬಿಡಿಸಿ ನೋಡುವುದು ಅಗತ್ಯ.

ಒಂದು ಶಾಲಾ ಕಟ್ಟಡದ ಲೆಕ್ಕ

ಜಿಎಸ್‌ಟಿ ಬಿಟ್ಟು 80 ಲಕ್ಷ ರೂಪಾಯಿಯ ಒಂದು ಶಾಲಾ ಕಟ್ಟಡದ ಗುತ್ತಿಗೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ತಳಪಾಯ ಮುಗಿದು, ಕಂಬಗಳು ಎದ್ದು, 20 ಲಕ್ಷ ರೂಪಾಯಿಯ ಮೊದಲ ಬಿಲ್ ಸಲ್ಲಿಕೆಯಾಗಿದೆ. ಅದರಲ್ಲಿ ಗುತ್ತಿಗೆದಾರರ ಲಾಭ ಶೇ 10, ಅಂದರೆ 2 ಲಕ್ಷ ರೂಪಾಯಿ ಎಂದುಕೊಂಡರೆ ಕೈಯಿಂದ ಹೋಗಿರುವುದು 18 ಲಕ್ಷ. ಬಿಲ್ಲಿನ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 3.60 ಲಕ್ಷ ಸೇರುತ್ತದೆ. 2022ರ ಜುಲೈವರೆಗೆ ಇಂಥ ಅನೇಕ ಸರ್ಕಾರಿ ಕಾಮಗಾರಿಗಳಿಗೆ ಈ ದರ ಶೇ 12 ಇತ್ತು. ಪಾವತಿಯ ಹೊತ್ತಿಗೆ ವ್ಯಕ್ತಿ ಗುತ್ತಿಗೆದಾರರಾದರೆ ಆದಾಯ ತೆರಿಗೆಗೆ ಶೇ 1, ಜಿಎಸ್‌ಟಿ ಲೆಕ್ಕಕ್ಕೆ ಶೇ 2, ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಮುರಿದುಕೊಳ್ಳಲಾಗುತ್ತದೆ. ಒಪ್ಪಂದದಂತೆ ಶೇ 5 ಭದ್ರತಾ ಠೇವಣಿ ಹಿಡಿದರೆ ಇನ್ನೂ 1 ಲಕ್ಷ ರೂಪಾಯಿ ದೋಷ ಹೊಣೆ ಅವಧಿ, ಅಂದರೆ ಕಟ್ಟಡದ ಲೋಪಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ, ಮುಗಿಯುವವರೆಗೆ ಇಲಾಖೆಯಲ್ಲೇ ಉಳಿಯುತ್ತದೆ. ಮುರಿದುಕೊಂಡ ತೆರಿಗೆಗಳು ಮುಂದೆ ಹೊಂದಾಣಿಕೆಯಾಗುತ್ತವೆ, ನಿಜ. ಆದರೆ ಅದು ಮುಂದಿನ ಮಾತು.

ಹಣ ಬಾರದ ತಿಂಗಳುಗಳಲ್ಲಿ ಏನಾಗುತ್ತದೆ? ಸಿಮೆಂಟ್ ಮತ್ತು ಕಂಬಿ ಅಂಗಡಿಯ ಉದ್ರಿ, ಜಲ್ಲಿ ಮತ್ತು ಎಂ-ಸ್ಯಾಂಡ್ ಲಾರಿಯವರ ಬಾಕಿ, ವಾರದ ಬಟವಾಡೆ ಇವೆಲ್ಲವನ್ನೂ ಸಾಲದಿಂದ ತೂಗಿಸಬೇಕು. ಬ್ಯಾಂಕಿನ ಮಿತಿ ಮುಗಿದವರು ಕೈಸಾಲಕ್ಕೆ ಹೋಗುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೂ 18 ಲಕ್ಷಕ್ಕೆ ತಿಂಗಳಿಗೆ 36 ಸಾವಿರ. ಐದೂವರೆ ತಿಂಗಳಲ್ಲಿ 2 ಲಕ್ಷದ ಲಾಭ ಪೂರ್ತಿ ಕರಗುತ್ತದೆ. ಆರನೆಯ ತಿಂಗಳಿನಿಂದ ಗುತ್ತಿಗೆದಾರರು ತಮ್ಮ ಸ್ವಂತ ಗಂಟಿನಿಂದ ಸರ್ಕಾರಿ ಶಾಲೆ ಕಟ್ಟುತ್ತಿರುತ್ತಾರೆ. ತೆರಿಗೆ ಬಿಲ್ ಕೊಟ್ಟುಬಿಟ್ಟಿದ್ದರೆ, ಸಾಮಗ್ರಿ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದು ಉಳಿದ ಜಿಎಸ್‌ಟಿಯನ್ನೂ ಮುಂದಿನ ತಿಂಗಳೇ ಕಟ್ಟಬೇಕು. ಇಲಾಖೆಯ ಹಣ ಬಂತೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ.

ಇಲ್ಲಿಂದ ಹಣದ ಸಮಸ್ಯೆ ಗುಣಮಟ್ಟದ ಸಮಸ್ಯೆಯಾಗುವ ಬಗೆಯನ್ನು ಹತ್ತಿರದಿಂದ ಗಮನಿಸಬೇಕು. ತಾರಸಿ ಹಾಕಲು ಸೆಂಟ್ರಿಂಗ್ ಶೀಟು ಮತ್ತು ಜಾಕಿಗಳನ್ನು ದಿನದ ಬಾಡಿಗೆಗೆ ತರಲಾಗುತ್ತದೆ. ಕಾಂಕ್ರೀಟ್ ಕುರಿತ ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಸಾಧಾರಣ ಸಿಮೆಂಟ್ ಬಳಸಿದಾಗ, 4.5 ಮೀಟರ್‌ವರೆಗಿನ ಅಂತರದ ತಾರಸಿಯ ಅಡಿಯ ಆಧಾರಗಳನ್ನು 7 ದಿನ, ಅದಕ್ಕಿಂತ ಹೆಚ್ಚಿನ ಅಂತರವಿದ್ದರೆ 14 ದಿನ ತೆಗೆಯುವಂತಿಲ್ಲ. ಶಾಲಾ ಕೊಠಡಿಯ ಅಗಲ ಸಾಮಾನ್ಯವಾಗಿ 4.5 ಮೀಟರ್ ದಾಟುತ್ತದೆ, ಮಧ್ಯೆ ತೊಲೆ ಇಲ್ಲದಿದ್ದರೆ 14 ದಿನ ಕಾಯಲೇಬೇಕು. ಬಾಡಿಗೆಯ ಹಣಕ್ಕೆ ತತ್ವಾರ ಇರುವಾಗ ಹತ್ತನೆಯ ದಿನವೇ ಜಾಕಿ ಬಿಚ್ಚುವ ಒತ್ತಡ ಬರುತ್ತದೆ. ನೀರು ಹಾಯಿಸಿ ಕ್ಯೂರಿಂಗ್ ಮಾಡಲು ಕನಿಷ್ಠ 7 ದಿನ, ಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟ್ ಆದರೆ 10 ದಿನ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೂ ದುಡ್ಡು ಕೊಡಬೇಕು. ಬಟವಾಡೆ ಎರಡು ವಾರ ತಪ್ಪಿದರೆ ಮೇಸ್ತ್ರಿ ತನ್ನ ಆಳುಗಳನ್ನು ಕರೆದುಕೊಂಡು ಬೇರೆ ಸೈಟಿಗೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ಅವರ ಹಿಂದೆಯೂ ಹತ್ತು ಮನೆಗಳಿರುತ್ತವೆ. ಮೂರು ವರ್ಷದ ಬಳಿಕ ತಾರಸಿ ಸೋರಿದಾಗ ಪತ್ರಿಕೆಯಲ್ಲಿ ‘ಕಳಪೆ ಕಾಮಗಾರಿ’ ಎಂಬ ಶೀರ್ಷಿಕೆ ಬರುತ್ತದೆ. ಗುತ್ತಿಗೆದಾರರ ಹೊಣೆ ಅದರಲ್ಲಿ ಖಂಡಿತ ಇದೆ. ಆದರೆ ಆ ಸೋರಿಕೆಯ ಒಂದು ಎಳೆ ಖಜಾನೆಯವರೆಗೂ ಹೋಗುತ್ತದೆ.

ಬಿಲ್ ಏಕೆ ತಡವಾಗುತ್ತದೆ

ಈ ಪ್ರಶ್ನೆಗೆ ರಾಜಕೀಯ ಉತ್ತರಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಈಗಿನ ಸರ್ಕಾರದ ವಾದದ ಪ್ರಕಾರ, ಹಿಂದಿನ ಸರ್ಕಾರ ಬಜೆಟ್‌ನಲ್ಲಿ ಹಣ ಒದಗಿಸದೆ ಮಿತಿ ಮೀರಿ ಕಾಮಗಾರಿಗಳಿಗೆ ಮಂಜೂರಾತಿ ನೀಡಿತು, ಅದರ ಹೊರೆ ತಮ್ಮ ಮೇಲೆ ಬಿದ್ದಿದೆ. ವಿರೋಧ ಪಕ್ಷಗಳ ಪ್ರಕಾರ, ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಡುವ ಗ್ಯಾರಂಟಿ ಯೋಜನೆಗಳು ಅಭಿವೃದ್ಧಿ ಕಾಮಗಾರಿಗಳ ಹಣವನ್ನು ನುಂಗಿವೆ. ಗುತ್ತಿಗೆದಾರರ ಸಂಘದ ಆಕ್ಷೇಪ ಇವೆರಡಕ್ಕಿಂತ ಬೇರೆ: ಇರುವ ಹಣವನ್ನಾದರೂ ಜ್ಯೇಷ್ಠತೆಯಂತೆ, ಮೊದಲು ಸಲ್ಲಿಸಿದ ಬಿಲ್ ಮೊದಲು ಎಂಬ ಕ್ರಮದಲ್ಲಿ ಕೊಡುತ್ತಿಲ್ಲ ಎಂಬುದು. 2021ರಲ್ಲಿ ಇದೇ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40 ಕಮಿಷನ್ ಆರೋಪ ಮಾಡಿತ್ತು. ಆಗ ವಿರೋಧ ಪಕ್ಷದಲ್ಲಿದ್ದವರು ಅದನ್ನು ಚುನಾವಣೆಯ ವಿಷಯ ಮಾಡಿದರು. ಅಧಿಕಾರಕ್ಕೆ ಬಂದ ಮೇಲೆ ಅದೇ ಸಂಘದ ದೂರುಗಳು ಅವರ ಬಾಗಿಲಿಗೂ ಬಂದವು.

ಪಕ್ಷಗಳ ವಾದವನ್ನು ಬದಿಗಿಟ್ಟು ವ್ಯವಸ್ಥೆಯನ್ನು ಮಾತ್ರ ನೋಡಿದರೆ ಕಾರಣ ಸರಳವಾಗಿದೆ. ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ ಸಿಗುವ ದಿನ ಅದಕ್ಕೆ ಬೇಕಾದ ಪೂರ್ತಿ ಹಣವನ್ನು ತೆಗೆದಿಡುವ ಕಡ್ಡಾಯವಿಲ್ಲ. 100 ರೂಪಾಯಿ ಅನುದಾನವಿರುವ ಬಜೆಟ್ ಲೆಕ್ಕಶೀರ್ಷಿಕೆಯಲ್ಲಿ 300 ರೂಪಾಯಿಯ ಕೆಲಸಗಳಿಗೆ ಕಾರ್ಯಾದೇಶ ಹೊರಟರೆ, ಎಲ್ಲರೂ ಸರಿಯಾಗಿ ಕೆಲಸ ಮಾಡಿದರೂ 200 ರೂಪಾಯಿ ಬಾಕಿ ಉಳಿಯಲೇಬೇಕು. ಹಾಗೆ ಬಾಕಿ ಉಳಿದಾಗ ಯಾರಿಗೆ ಮೊದಲು ಎಂಬ ಆಯ್ಕೆ ಹುಟ್ಟುತ್ತದೆ. ಆಯ್ಕೆ ಹುಟ್ಟಿದ ಕಡೆ ಅದಕ್ಕೊಂದು ಬೆಲೆಯೂ ಹುಟ್ಟುತ್ತದೆ. ಅಳತೆ ಪುಸ್ತಕದಲ್ಲಿ ಕಿರಿಯ ಎಂಜಿನಿಯರ್ ದಾಖಲಿಸಿ, ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಪರಿಶೀಲಿಸಿ, ಕಾರ್ಯಪಾಲಕ ಎಂಜಿನಿಯರ್ ಬಿಲ್ ಪಾಸ್ ಮಾಡಿದ ಮೇಲೂ ಹಣ ಬಿಡುಗಡೆಯ ಆದೇಶಕ್ಕೆ ಕಾಯಬೇಕಾದ ಸ್ಥಿತಿಯಲ್ಲಿ, ದೂರದ ತಾಲ್ಲೂಕಿನ ಸಣ್ಣ ಗುತ್ತಿಗೆದಾರರಿಗೆ ಬೆಂಗಳೂರಿನ ಕಾರಿಡಾರುಗಳಲ್ಲಿ ಓಡಾಡುವುದೇ ಎರಡನೆಯ ಉದ್ಯೋಗವಾಗುತ್ತದೆ. ಅವರು ಸೈಟಿನಲ್ಲಿ ಇಲ್ಲದ ದಿನ ಸೈಟಿನಲ್ಲಿ ಯಾರೂ ಇರುವುದಿಲ್ಲ. ಚಿಕ್ಕ ಸಂಸ್ಥೆಯ ಮಾಲೀಕರೇ ಅದರ ಎಂಜಿನಿಯರ್, ಅವರೇ ಖರೀದಿ ವಿಭಾಗ, ಅವರೇ ಸುರಕ್ಷತಾ ಅಧಿಕಾರಿ. ಸೈಟ್ ನಿರ್ವಹಣೆಯ ದೌರ್ಬಲ್ಯ ಎಂದು ಅಧ್ಯಯನಗಳು ಗುರುತಿಸುವುದರ ಒಂದು ಭಾಗದ ಮೂಲ ಇದು.

ಕಾನೂನಿನ ರಕ್ಷಣೆ ಇಲ್ಲವೇ? 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಸಣ್ಣ ಪೂರೈಕೆದಾರರಿಗೆ 45 ದಿನ ಮೀರದಂತೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ಆದರೆ ಸಾಮಗ್ರಿ ಮತ್ತು ಶ್ರಮ ಎರಡೂ ಬೆರೆತ ಕಾಮಗಾರಿ ಗುತ್ತಿಗೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಸೇರಿದಂತೆ ಕೆಲವು ನ್ಯಾಯಾಲಯಗಳು ಹೇಳಿವೆ. ತಿರುಪು ಮೊಳೆ ಪೂರೈಸಿದವರಿಗೆ ಇರುವ ರಕ್ಷಣೆ ಶಾಲೆ ಕಟ್ಟಿದವರಿಗೆ ಖಚಿತವಾಗಿ ಸಿಗದಿರುವುದು ದೊಡ್ಡ ಲೋಪ. ಸಂಸತ್ತು ಅದನ್ನು ಸ್ಪಷ್ಟ ಪದಗಳಲ್ಲಿ ಸರಿಪಡಿಸಬೇಕು ಎಂಬುದು ಈ ಲೇಖನದ ನಿಲುವು.

ದೊಡ್ಡ ಸಂಸ್ಥೆ ಸೋಲುವ ಜಾಗ

ಬೆಂಗಳೂರು ಉಪನಗರ ರೈಲು 148 ಕಿಲೋಮೀಟರ್ ಉದ್ದದ, ನಾಲ್ಕು ಕಾರಿಡಾರ್‌ಗಳ, 15,767 ಕೋಟಿ ರೂಪಾಯಿ ಅಂದಾಜಿನ ಯೋಜನೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳಲ್ಲಿ ಪೂರೈಸುವ ಮಾತು ಕೇಳಿಬಂದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಕಾರಿಡಾರಿನ ಸಿವಿಲ್ ಕಾಮಗಾರಿ ಎಲ್ ಆ್ಯಂಡ್ ಟಿಗೆ ಸಿಕ್ಕಿತು. ನಂತರ ಹೀಲಲಿಗೆ–ರಾಜಾನುಕುಂಟೆ ಕಾರಿಡಾರ್ ಕೂಡ. ಹಿಂದೆ ಸರಿಯುವಾಗ ಸಂಸ್ಥೆ ಮುಂದಿಟ್ಟ ಮುಖ್ಯ ಕಾರಣ, ಕೆಲಸ ಮಾಡಲು ಬೇಕಾದ ಜಾಗ ಸಕಾಲಕ್ಕೆ ಕೈಸೇರಲಿಲ್ಲ ಎಂಬುದು.

ಜಾಗ ತುಣುಕು ತುಣುಕಾಗಿ ಸಿಕ್ಕರೆ ಏನು ಕಷ್ಟ, ಸಿಕ್ಕ ಕಡೆ ಕೆಲಸ ಮಾಡಬಹುದಲ್ಲವೇ ಎಂದು ಓದುಗರಿಗೆ ಅನ್ನಿಸಬಹುದು. ದೊಡ್ಡ ಕಾಮಗಾರಿಯ ಅರ್ಥಶಾಸ್ತ್ರ ಇಲ್ಲೇ ಇದೆ. ಮೇಲ್ಸೇತುವೆಯ ಕಾಂಕ್ರೀಟ್ ತುಂಡುಗಳನ್ನು, ಅಂದರೆ ಸೆಗ್ಮೆಂಟ್‌ಗಳನ್ನು, ಬೇರೆಡೆಯ ಯಾರ್ಡಿನಲ್ಲಿ ಎರಕ ಹೊಯ್ದು, ರಾತ್ರಿ ವೇಳೆ ಟ್ರೇಲರ್‌ಗಳಲ್ಲಿ ತಂದು, ಲಾಂಚಿಂಗ್ ಗರ್ಡರ್ ಎಂಬ ಭಾರಿ ಯಂತ್ರದಿಂದ ಎರಡು ಕಂಬಗಳ ನಡುವೆ ಒಂದೊಂದಾಗಿ ಜೋಡಿಸಲಾಗುತ್ತದೆ. ಆ ಯಂತ್ರ ಒಂದು ಕಂಬದಿಂದ ಮುಂದಿನ ಕಂಬಕ್ಕೆ ತೆವಳುತ್ತಾ ಸಾಗುತ್ತದೆ. 10ನೇ ಕಂಬ ಮತ್ತು 12ನೇ ಕಂಬ ಸಿದ್ಧವಾಗಿದ್ದು, ಮಧ್ಯದ 11ನೆಯದರ ಜಾಗದಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆಯೋ ವಿದ್ಯುತ್ ಕೇಬಲ್ಲೋ ಸ್ಥಳಾಂತರವಾಗದೆ ಉಳಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಯಾರ್ಡಿನ ಬಾಡಿಗೆ, ಯಂತ್ರದ ಸಾಲದ ಕಂತು, ಎಂಜಿನಿಯರುಗಳ ಸಂಬಳ, ಬ್ಯಾಂಕ್ ಗ್ಯಾರಂಟಿಯ ಶುಲ್ಕ ಮಾತ್ರ ನಿಲ್ಲುವುದಿಲ್ಲ. ಕೊಳವೆ ಸರಿಸಬೇಕಾದದ್ದು ಜಲಮಂಡಳಿ, ಕೇಬಲ್ ಸರಿಸಬೇಕಾದದ್ದು ಬೆಸ್ಕಾಂ, ರಸ್ತೆ ಮುಚ್ಚಲು ಒಪ್ಪಬೇಕಾದದ್ದು ಸಂಚಾರ ಪೊಲೀಸರು, ಮರ ಕಡಿಯಲು ಅನುಮತಿ ಕೊಡಬೇಕಾದವರು ಮತ್ತೊಬ್ಬರು. ಈ ಯಾರ ಮೇಲೂ ಗುತ್ತಿಗೆದಾರರಿಗೆ ಅಧಿಕಾರವಿಲ್ಲ.

ಇದು ಬೆಂಗಳೂರಿಗೆ ಮಾತ್ರ ಸೀಮಿತವಾದ ಕಷ್ಟವಲ್ಲ. 150 ಕೋಟಿ ರೂಪಾಯಿಗಿಂತ ದೊಡ್ಡ ಕೇಂದ್ರ ಯೋಜನೆಗಳ ಮೇಲೆ ನಿಗಾ ಇಡುವ ಕೇಂದ್ರ ಸಾಂಖ್ಯಿಕ ಸಚಿವಾಲಯದ 2023ರ ಡಿಸೆಂಬರ್ ವರದಿಯಲ್ಲಿ 1,820 ಯೋಜನೆಗಳಿದ್ದವು. ಅವುಗಳಲ್ಲಿ 848 ತಡವಾಗಿದ್ದವು. 431 ಯೋಜನೆಗಳ ವೆಚ್ಚ ಒಟ್ಟು 4.82 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಏರಿತ್ತು. ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಅನುಮತಿ, ವಿವರವಾದ ವಿನ್ಯಾಸದ ವಿಳಂಬ, ಕಾಮಗಾರಿಯ ವ್ಯಾಪ್ತಿಯಲ್ಲಿ ಬದಲಾವಣೆ ಇವೇ ಸಚಿವಾಲಯ ಮತ್ತೆ ಮತ್ತೆ ಪಟ್ಟಿ ಮಾಡುವ ಕಾರಣಗಳು.

ಸರಪಳಿಯ ಒಂದೇ ಕೊಂಡಿ ಇಡೀ ಯೋಜನೆಯನ್ನು ಹಿಡಿದಿಡುವ ಬಗೆಗೆ ನಮ್ಮ ಮೆಟ್ರೊದ ಹಳದಿ ಮಾರ್ಗ ಉದಾಹರಣೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಮಾರ್ಗದ ಕಂಬ, ಹಳಿ, ನಿಲ್ದಾಣಗಳು ಸಿದ್ಧವಾದ ಮೇಲೂ ಓಡಿಸಲು ರೈಲುಗಳಿರಲಿಲ್ಲ. 2019ರಲ್ಲಿ ಚೀನಾದ ಕಂಪನಿಗೆ ಬೋಗಿಗಳ ಗುತ್ತಿಗೆ ಕೊಡಲಾಗಿತ್ತು. 2020ರಲ್ಲಿ ನೆರೆಯ ದೇಶಗಳ ಹೂಡಿಕೆಗೆ ಕೇಂದ್ರ ನಿರ್ಬಂಧ ವಿಧಿಸಿದ್ದರಿಂದ ಭಾರತದಲ್ಲಿ ತಯಾರಿಸುವ ಏರ್ಪಾಡು ಬದಲಾಗಬೇಕಾಯಿತು. ಮೊದಲ ರೈಲು 2024ರ ಫೆಬ್ರವರಿಯಲ್ಲಿ ಬಂತು. ಮಾರ್ಗ ತೆರೆದದ್ದು 2025ರ ಆಗಸ್ಟ್ 10ರಂದು, ಕೇವಲ ಮೂರು ರೈಲುಗಳೊಂದಿಗೆ.

ಹಾಗೆಂದು ದೊಡ್ಡ ಸಂಸ್ಥೆಗಳೆಲ್ಲ ನಿರಪರಾಧಿಗಳಲ್ಲ. ಕೋರಮಂಗಲದ ಈಜಿಪುರ ಮೇಲ್ಸೇತುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. 2017ರಲ್ಲಿ ಆರಂಭವಾದ ಕೆಲಸ 2019ರಲ್ಲಿ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದಾಯಿತು, ಕಂಬಗಳು ಬಯಲಲ್ಲಿ ನಿಂತವು, ಹೊಸ ಸಂಸ್ಥೆ ಕೆಲಸ ಶುರು ಮಾಡಿದ್ದು 2023ರ ಕೊನೆಗೆ. ಅನೇಕ ರಾಜ್ಯಗಳಲ್ಲಿ ಹತ್ತಾರು ಕಾಮಗಾರಿಗಳನ್ನು ಏಕಕಾಲಕ್ಕೆ ಹಿಡಿದ ಸಂಸ್ಥೆ ಸಾಲದಲ್ಲಿ ಸಿಲುಕಿದರೆ, ಒಂದು ಸೈಟಿಗೆ ಬಂದ ಹಣ ಮತ್ತೊಂದು ಸೈಟಿನ ಸಾಲಕ್ಕೆ ಹರಿಯುವ ಅಪಾಯ ಇದ್ದೇ ಇರುತ್ತದೆ. ಟೆಂಡರ್ ಹಂತದಲ್ಲಿ ಹಿಂದಿನ ವರ್ಷಗಳ ವಹಿವಾಟನ್ನು ನೋಡಲಾಗುತ್ತದೆ. ಈಗ ಕೈಯಲ್ಲಿರುವ ಕೆಲಸಗಳ ಭಾರವನ್ನೂ ಸಾಲದ ಸ್ಥಿತಿಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ತೂಗುವುದು ಕಡಿಮೆ.

ದೊಡ್ಡದರ ಹೊಟ್ಟೆಯಲ್ಲಿ ಚಿಕ್ಕವರು

ಈ ಚರ್ಚೆಯಲ್ಲಿ ಕಾಣದೆ ಉಳಿಯುವ ಒಂದು ಸಂಗತಿ ಇದೆ. ದೊಡ್ಡ ಸಂಸ್ಥೆ ತಾನೇ ಕಂಬಿ ಕಟ್ಟುವುದಿಲ್ಲ, ಸೆಂಟ್ರಿಂಗ್ ಹೊಡೆಯುವುದಿಲ್ಲ. ಮಣ್ಣು ಅಗೆಯುವುದು, ಕಂಬಿ ಬಾಗಿಸುವುದು, ಗಾರೆ, ಬಣ್ಣ, ವೈರಿಂಗ್ ಎಲ್ಲವೂ ಉಪಗುತ್ತಿಗೆಯಲ್ಲಿ, ಆಳು ಒದಗಿಸುವ ಮೇಸ್ತ್ರಿಗಳ ಮೂಲಕ ನಡೆಯುತ್ತವೆ. ಉಪಗುತ್ತಿಗೆ ಒಪ್ಪಂದಗಳಲ್ಲಿ ‘ಇಲಾಖೆಯಿಂದ ಹಣ ಬಂದ ಮೇಲೆ ನಿಮಗೆ ಪಾವತಿ’ ಎಂಬ ಷರತ್ತು ಸಾಮಾನ್ಯ. ಅಂದರೆ ಕೆಲಸವನ್ನು ದೊಡ್ಡವರಿಗೆ ಕೊಟ್ಟ ಮಾತ್ರಕ್ಕೆ ಹಣದ ವಿಳಂಬದ ಹೊರೆ ಮಾಯವಾಗುವುದಿಲ್ಲ. ಅದು ಮೆಟ್ಟಿಲು ಇಳಿದು, ಅದನ್ನು ತಾಳಿಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವರ ತಲೆಯ ಮೇಲೆ ಕೂರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದಲೂ, ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದಿಂದಲೂ ಬಂದ ಕಾರ್ಮಿಕರು ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋದವರು, ಹಿಂದಿನ ಬಾಕಿ ಉಳಿದಿದ್ದರೆ, ಮರಳಿ ಅದೇ ಸೈಟಿಗೆ ಬರುವುದಿಲ್ಲ. ಆಗ ದೊಡ್ಡ ಸಂಸ್ಥೆಯ ಪ್ರಗತಿ ವರದಿಯಲ್ಲಿ ‘ಕಾರ್ಮಿಕರ ಕೊರತೆ’ ಎಂಬ ಸಾಲು ಸೇರುತ್ತದೆ.

ದೊಡ್ಡ ಸಂಸ್ಥೆಗೆ ಇರುವ ಇನ್ನೊಂದು ಅನುಕೂಲ ಕಾನೂನಿನದು. ಹೆಚ್ಚುವರಿ ಕೆಲಸ, ಯಂತ್ರ ಖಾಲಿ ನಿಂತ ದಿನಗಳ ಪರಿಹಾರ, ಬೆಲೆ ಏರಿಕೆಯ ವ್ಯತ್ಯಾಸ ಇವನ್ನೆಲ್ಲ ಪತ್ರಮುಖೇನ ದಾಖಲಿಸುತ್ತಾ ಹೋಗಲು ಅದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ವರ್ಷಗಟ್ಟಲೆ ಮಧ್ಯಸ್ಥಿಕೆ ನಡೆಸುವ ತಾಳಿಕೆಯೂ ಇರುತ್ತದೆ. ಚಿಕ್ಕವರಿಗೆ ಇವೆರಡೂ ಇಲ್ಲ. 12 ತಿಂಗಳೊಳಗಿನ ಸಣ್ಣ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಬೆಲೆ ಹೊಂದಾಣಿಕೆಯ ಷರತ್ತೇ ಇರುವುದಿಲ್ಲ. 2021–22ರಲ್ಲಿ ಕಂಬಿಯ ಬೆಲೆ ಏರಿದಾಗ ಹೆಚ್ಚಿನ ಪೆಟ್ಟು ಬಿದ್ದದ್ದು ಇಂಥವರಿಗೇ.

ತುಂಡು ಗುತ್ತಿಗೆಯೋ, ಪ್ಯಾಕೇಜೋ

ಟೆಂಡರ್ ಕರೆಯಬೇಕಾದ ಮಿತಿಗಿಂತ ಕೆಳಗಿರಲೆಂದು ಒಂದು ಕೆಲಸವನ್ನು ಚೂರು ಮಾಡಿ ಬೇಕಾದವರಿಗೆ ಹಂಚುವ ತುಂಡು ಗುತ್ತಿಗೆಗೆ ನಮ್ಮಲ್ಲಿ ಹಳೆಯ ಕೆಟ್ಟ ಹೆಸರಿದೆ. ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳ ಟೆಂಡರ್ ಕುರಿತ 1999ರ ಪಾರದರ್ಶಕತೆ ಕಾಯ್ದೆ ಬಂದದ್ದೇ ಅಂಥ ವಿವೇಚನೆಗೆ ಕಡಿವಾಣ ಹಾಕಲು. ಅದರ ಎದುರು ತುದಿಯಲ್ಲಿರುವುದು ಪ್ಯಾಕೇಜ್ ಟೆಂಡರ್: ಹತ್ತಾರು ರಸ್ತೆಗಳನ್ನು ಒಂದೇ ಟೆಂಡರಿನಲ್ಲಿ ಕಟ್ಟಿಕೊಡುವುದು. ಒಂದೇ ಸಂಸ್ಥೆಯನ್ನು ಹೊಣೆ ಮಾಡಬಹುದು, ಪೇವರ್ ಯಂತ್ರ, ಡಾಂಬರು ಮಿಶ್ರಣ ಘಟಕ, ಪ್ರಯೋಗಾಲಯ ಇರುವವರೇ ಬರುತ್ತಾರೆ, ಮೇಲ್ವಿಚಾರಣೆ ಸುಲಭ ಎಂದು ಇದನ್ನು ಬೆಂಬಲಿಸುವವರು ಹೇಳುತ್ತಾರೆ. ಹೊರರಾಜ್ಯದ ದೊಡ್ಡ ಕಂಪನಿಗಳಿಗೆ ಅನುಕೂಲ ಮಾಡಲು ಷರತ್ತುಗಳನ್ನು ಹೆಣೆಯಲಾಗುತ್ತಿದೆ, ಸ್ಥಳೀಯರು ಅವರ ಉಪಗುತ್ತಿಗೆದಾರರಾಗಿ ಕಡಿಮೆ ದರಕ್ಕೆ ದುಡಿಯಬೇಕಾಗಿದೆ ಎಂಬುದು ಗುತ್ತಿಗೆದಾರರ ಸಂಘದ ದೂರು.

ಎರಡೂ ವಾದಗಳಲ್ಲಿ ಹುರುಳಿದೆ, ಆದರೆ ಎಲ್ಲ ಕೆಲಸಕ್ಕೂ ಒಂದೇ ಅಳತೆ ಹೊಂದುವುದಿಲ್ಲ. 40 ಕಿಲೋಮೀಟರ್ ಹೆದ್ದಾರಿಗೆ ಮಿಶ್ರಣ ಘಟಕವಿರುವ ಸಂಸ್ಥೆಯೇ ಬೇಕು. ಹತ್ತು ಹಳ್ಳಿಗಳಲ್ಲಿ ಚದುರಿದ ಹತ್ತು ಅಂಗನವಾಡಿ ಕಟ್ಟಡಗಳನ್ನು ಒಂದು ಪ್ಯಾಕೇಜ್ ಮಾಡಿದರೆ, ಗೆದ್ದ ಸಂಸ್ಥೆ ಹತ್ತು ಉಪಗುತ್ತಿಗೆದಾರರನ್ನು ಹುಡುಕುತ್ತದೆ. ಮಧ್ಯೆ ಒಂದು ಪಾಲು ಕಡಿತವಾಗುತ್ತದೆ, ಕಟ್ಟಡಕ್ಕೆ ತಗಲುವ ಹಣ ಅಷ್ಟು ಕಡಿಮೆಯಾಗುತ್ತದೆ.

ಕನಿಷ್ಠ ದರದ ಪೈಪೋಟಿ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಕೆಲಸವಿಲ್ಲದೆ ಯಂತ್ರ ಖಾಲಿ ನಿಂತವರು, ಹಳೆಯ ಸಾಲದ ಕಂತಿಗೆ ಹೊಸ ಮುಂಗಡ ಬೇಕಾದವರು ಅಂದಾಜಿಗಿಂತ ಶೇ 20, 25ರಷ್ಟು ಕೆಳಗೆ ದರ ಹಾಕಿದಾಗ ಗೆಲುವು ಅವರದೇ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು, ಆಯ್ದ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಶೇ 30ರವರೆಗೆ ಅಂಕ ಕೊಡಲು ಅವಕಾಶ ನೀಡಿದವು. ಆದರೆ ಅಂಕ ಹಾಕುವುದರಲ್ಲೂ ವಿವೇಚನೆ ಇರುವುದರಿಂದ, ಆಡಿಟ್ ಆಕ್ಷೇಪಣೆಗೆ ಹೆದರುವ ಅಧಿಕಾರಿಗಳು ಕನಿಷ್ಠ ದರವನ್ನೇ ಸುರಕ್ಷಿತವೆಂದು ಭಾವಿಸುತ್ತಾರೆ.

ಮೀಸಲಾತಿಯ ಚರ್ಚೆಯಲ್ಲಿ ಬಿಟ್ಟುಹೋದದ್ದು

ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಕಾಮಗಾರಿಗಳನ್ನು ಮೀಸಲಿಡುವ ವ್ಯವಸ್ಥೆ ಕರ್ನಾಟಕದಲ್ಲಿ ಮೊದಲು 50 ಲಕ್ಷ, ಬಳಿಕ 1 ಕೋಟಿ ರೂಪಾಯಿವರೆಗಿನ ಕೆಲಸಗಳಿಗೆ ಜಾರಿಯಾಯಿತು. ಪಾರದರ್ಶಕತೆ ಕಾಯ್ದೆಗೆ ತಂದ 2025ರ ತಿದ್ದುಪಡಿ ಮಸೂದೆ ಮಿತಿಯನ್ನು 2 ಕೋಟಿಗೆ ಏರಿಸಿ, ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗೆ ಶೇ 4 ಸೇರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಚರ್ಚೆಯೆಲ್ಲ ಧರ್ಮ ಮತ್ತು ಸಂವಿಧಾನದ ಸುತ್ತ ನಡೆಯಿತು. ಮೀಸಲಾತಿಯ ಮೂಲಕ ಮೊದಲ ಬಾರಿ ಈ ವೃತ್ತಿಗೆ ಬರುವವರ ಬಳಿ ಅಡವಿಡಲು ಆಸ್ತಿ ಕಡಿಮೆ, ಉದ್ರಿ ಕೊಡುವ ಪರಿಚಿತ ಅಂಗಡಿಗಳು ಕಡಿಮೆ, ಬಾಕಿಯನ್ನು ಆರು ತಿಂಗಳು ತಾಳುವ ಬಂಡವಾಳವಂತೂ ಇಲ್ಲವೇ ಇಲ್ಲ. ಮೇಲೆ ಹೇಳಿದ 36 ಸಾವಿರದ ಬಡ್ಡಿ ಇಂಥವರನ್ನು ಎರಡನೆಯ ಬಿಲ್ಲಿಗೆ ಮುನ್ನವೇ ಮುಳುಗಿಸುತ್ತದೆ. ಆಗ ಹೆಸರು ಅವರದು, ಹಣ ಹಾಕಿ ಕೆಲಸ ಮಾಡಿಸುವವರು ಬೇರೆ ಎಂಬ ಬೇನಾಮಿ ಏರ್ಪಾಡಿಗೆ ದಾರಿಯಾಗುತ್ತದೆ. ಸಕಾಲಿಕ ಪಾವತಿ ಇಲ್ಲದ ಮೀಸಲಾತಿ ಕಾಗದದ ಮೇಲಷ್ಟೇ ಉಳಿದೀತು ಎಂಬ ಆತಂಕವನ್ನು ಸದನದಲ್ಲಿ ಗಟ್ಟಿಯಾಗಿ ಎತ್ತಬೇಕಿತ್ತು.

ಹೀಗೇ ಮುಂದುವರಿದರೆ

ಬಾಕಿ ಉಳಿಯುವುದು ಖಚಿತ ಎಂದು ಗೊತ್ತಾದಾಗ ಗುತ್ತಿಗೆದಾರರು ಮೂರರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಬಡ್ಡಿಯನ್ನು ಮುಂಚಿತವಾಗಿ ದರದಲ್ಲೇ ಸೇರಿಸುತ್ತಾರೆ. ತೆರಿಗೆದಾರರು ಅದೇ ರಸ್ತೆಗೆ ಹೆಚ್ಚು ತೆರುತ್ತಾರೆ. ಕೆಲವರು ಕಡಿಮೆ ದರಕ್ಕೆ ಗೆದ್ದು ಸಾಮಗ್ರಿಯಲ್ಲಿ ಉಳಿಸುತ್ತಾರೆ. ಉಳಿದವರು ಸರ್ಕಾರಿ ಕೆಲಸ ಬಿಟ್ಟು ಖಾಸಗಿ ಮನೆ, ಬಡಾವಣೆಗಳತ್ತ ಹೋಗುತ್ತಾರೆ. ಈ ಮೂರನೆಯ ಗುಂಪಿನಲ್ಲಿ ಒಳ್ಳೆಯ ಕೆಲಸಗಾರರು ಹೆಚ್ಚಿರುತ್ತಾರೆ, ಏಕೆಂದರೆ ಅವರಿಗೆ ಬೇರೆಡೆ ಬೇಡಿಕೆ ಇದೆ. ಒಂದು ತಾಲ್ಲೂಕಿನಲ್ಲಿ ಟೆಂಡರ್ ಹಾಕುವವರ ಸಂಖ್ಯೆ ಎಂಟರಿಂದ ಮೂರಕ್ಕೆ ಇಳಿದರೆ, ಆ ಮೂವರು ಮಾತಾಡಿಕೊಳ್ಳುವುದು ಸುಲಭ.

ದೊಡ್ಡ ಕಾಮಗಾರಿಗಳಲ್ಲಿ ಪರಿಣಾಮ ಬೇರೆ ರೀತಿಯದು. ಒಮ್ಮೆ ಗುತ್ತಿಗೆ ರದ್ದಾದರೆ ಮಾಡಿದ ಕೆಲಸದ ಅಳತೆ, ವಿವಾದ, ಹೊಸ ಅಂದಾಜು, ಮರು ಟೆಂಡರ್ ಎಂದು ವರ್ಷವೇ ಕಳೆಯಬಹುದು. ಜಾಗದ ಸಮಸ್ಯೆ ಮಾತ್ರ ಹಾಗೆಯೇ ಇರುವುದರಿಂದ ಹೊಸ ಸಂಸ್ಥೆಯೂ ಅದೇ ಕಂಬದ ಬಳಿ ಬಂದು ನಿಲ್ಲುತ್ತದೆ.

ಪರಿಹಾರದ ತುಣುಕುಗಳು ಈಗಾಗಲೇ ಬೇರೆ ಬೇರೆ ಕಡೆ ಇವೆ. ಕೇಂದ್ರದ ಅದೇ 2021ರ ಸೂಚನೆಗಳಂತೆ, ಬಿಲ್ ಸಲ್ಲಿಸಿದ 10 ಕೆಲಸದ ದಿನಗಳೊಳಗೆ ಅರ್ಹ ಮೊತ್ತದ ಕನಿಷ್ಠ ಶೇ 75 ಕೊಟ್ಟು, ಉಳಿದದ್ದನ್ನು ಪರಿಶೀಲನೆಯ ಬಳಿಕ 28 ಕೆಲಸದ ದಿನಗಳೊಳಗೆ ಪಾವತಿಸಬೇಕು. ಇದನ್ನು ರಾಜ್ಯದ ಇಲಾಖೆಗಳು ಪಾಲಿಸಿದರೆ, ನಮ್ಮ ಶಾಲಾ ಕಟ್ಟಡದ ಉದಾಹರಣೆಯಲ್ಲಿ 15 ಲಕ್ಷ ರೂಪಾಯಿ ಎರಡು ವಾರದಲ್ಲಿ ಕೈಸೇರುತ್ತದೆ; ತಿಂಗಳ ಬಡ್ಡಿ 36 ಸಾವಿರದಿಂದ 6 ಸಾವಿರಕ್ಕೆ ಇಳಿಯುತ್ತದೆ. ವಿನ್ಯಾಸ, ಖರೀದಿ, ನಿರ್ಮಾಣ ಮೂರನ್ನೂ ಒಬ್ಬರಿಗೇ ವಹಿಸುವ ಹೆದ್ದಾರಿಗಳ ಇಪಿಸಿ ಒಪ್ಪಂದಗಳಲ್ಲಿ ಶೇ 90ರಷ್ಟು ಜಾಗ ಒದಗಿಸುವ ಹೊಣೆಯನ್ನು ಪ್ರಾಧಿಕಾರದ ಮೇಲೆ ಇಡಲಾಗುತ್ತದೆ. ನಗರದ ಮೇಲ್ಸೇತುವೆ ಮತ್ತು ರೈಲು ಕಾಮಗಾರಿಗಳಿಗೂ, ಕೊಳವೆ ಮತ್ತು ಕೇಬಲ್ ಸ್ಥಳಾಂತರವನ್ನು ಸೇರಿಸಿ, ಅಂಥದೇ ಷರತ್ತು ಬೇಕು. ಇವೆರಡಕ್ಕೂ ಮೊದಲು, ಲೆಕ್ಕಶೀರ್ಷಿಕೆಯಲ್ಲಿ ಹಣವಿದೆ ಎಂಬ ಪ್ರಮಾಣಪತ್ರವನ್ನು ಟೆಂಡರ್ ದಾಖಲೆಯ ಮೊದಲ ಪುಟದಲ್ಲೇ, ಬಾಕಿ ಬಿಲ್‌ಗಳ ಜ್ಯೇಷ್ಠತಾ ಪಟ್ಟಿಯನ್ನು ಪ್ರತಿ ವಿಭಾಗೀಯ ಕಚೇರಿಯ ಜಾಲತಾಣದಲ್ಲಿ ತಿಂಗಳಿಗೊಮ್ಮೆ ಪ್ರಕಟಿಸಬಹುದು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಅನುದಾನವೂ ಬೇಡ. ಆದರೆ ಆ ಪ್ರಮಾಣಪತ್ರವನ್ನು ಪ್ರಾಮಾಣಿಕವಾಗಿ ಬರೆಯಲು ಹೊರಟರೆ ಪ್ರತಿ ಕ್ಷೇತ್ರದಲ್ಲೂ ಈಗ ನಡೆಯುವಷ್ಟು ಭೂಮಿಪೂಜೆಗಳು ನಡೆಯಲಾರವು. ಯಾವ ಪಕ್ಷದ ಸರ್ಕಾರವಿದ್ದರೂ ಈ ಸುಧಾರಣೆಯನ್ನು ಮುಂದೂಡುತ್ತಲೇ ಬಂದಿರುವುದು ಈ ಕಾರಣದಿಂದಲೇ.